ಕೊನೆಯ ಪಾಳಿ ಮುಗಿದ ಮೇಲಿನ 36 ಕಿಲೋಮೀಟರ್

(ಮಠದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಳೆದ ಡಿಸೆಂಬರ್ ತಿಂಗಳಲ್ಲಿ ನಾವು 41 ಜನ ಧಾರವಾಡದಿಂದ ಸವದತ್ತಿ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ನಮ್ಮ ಊರಿಗೆ ಹೋದೆವು. ತೀರಿಕೊಂಡ ಗೆಳೆಯನೊಬ್ಬನ ನೆನಪಿನಲ್ಲಿ ಹಣ ಕೂಡಿಸುವುದು ಉದ್ದೇಶವಾಗಿತ್ತು. ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮಠದಿಂದ ಕರೆ ಬಂತು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಯಸ್ಸನ್ನೂ ಹಾಕಿ ‘ಸಾಹಸ ಯಾತ್ರೆ’ ಎಂದು ಅಚ್ಚು ಮಾಡಿಸಿದ್ದಾರೆ. ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ಬೆಳಗಿನ ಜಾವ ಸೈಕಲ್ ತುಳಿಯುವವರು ಈ ಸಭೆಯಲ್ಲೇ ಕುಳಿತಿದ್ದಾರೆ. ಅವರ ಎದುರಿಗೆ ಸಾಹಸ ಎಂಬ ಮಾತನ್ನು ನಾನು ಆಡಲಾರೆ.

ನಾನು 34 ವರ್ಷ ನೀರಾವರಿ ಕೆಲಸದಲ್ಲಿದ್ದ ಎಂಜಿನಿಯರ್. ಕಾಲುವೆಯ ತಲೆಯಲ್ಲಿ ಎಷ್ಟು ನೀರು ಬಿಟ್ಟೆವು ಎಂಬ ಲೆಕ್ಕ ಎಲ್ಲರ ಹತ್ತಿರವೂ ಇರುತ್ತದೆ, ಪತ್ರಿಕೆಯಲ್ಲೂ ಬರುತ್ತದೆ. ಕಾಲುವೆಯ ಬಾಲದಲ್ಲಿರುವ ರೈತನ ಹೊಲಕ್ಕೆ ಎಷ್ಟು ಮುಟ್ಟಿತು ಎಂದು ಕೇಳಿದರೆ ಕಡತ ಹುಡುಕಬೇಕಾಗುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನನ್ನ ಗೆಳೆಯನ ಕಥೆ ಬಾಲದ ಹೊಲದ ಕಥೆ.

ಅವನ ಹೆಸರು ಹೇಳುವುದಿಲ್ಲ, ಮನೆಯವರು ಬೇಡ ಎಂದಿದ್ದಾರೆ. ಒಂದೇ ಓಣಿಯವರು ನಾವು. ಹೈಸ್ಕೂಲು ಊರಿನಿಂದ ಒಂಬತ್ತು ಕಿಲೋಮೀಟರ್ ದೂರ. ನಮ್ಮಪ್ಪನ ಅಟ್ಲಾಸ್ ಸೈಕಲ್ ಒಂದೇ ಇತ್ತು. ಹೋಗುವಾಗ ಅವನು ತುಳಿಯಬೇಕು, ಬರುವಾಗ ನಾನು. ಮೂಡಗಾಳಿ ಬೀಸುವ ಕಾಲದಲ್ಲಿ ಈ ಹಂಚಿಕೆ ಯಾರಿಗೆ ಲಾಭ ಎಂದು ಮೂರು ವರ್ಷ ಜಗಳವಾಡಿದೆವು. ಮುಂದೆ ನಾನು ಓದಲು ಹೋದೆ, ಅವನು ಮೂರೂವರೆ ಎಕರೆ ಎರೆ ಹೊಲದಲ್ಲಿ ಉಳಿದ. ಕಡೆಯವರೆಗೂ ನನ್ನನ್ನು ‘ಸಾಹೇಬ’ ಎಂದು ಕರೆಯುತ್ತಿದ್ದ. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂಬುದನ್ನು ನಾನು ಅಳೆಯಲಿಲ್ಲ.

2020ರ ಫೆಬ್ರವರಿಯಲ್ಲಿ ಅವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದು ಗೊತ್ತಾಯಿತು. ಬಹಳ ದಿನದ ರಕ್ತದೊತ್ತಡ, ಅದಕ್ಕೆ ಮಾತ್ರೆ ಇಲ್ಲ. ಮಂಡಿನೋವಿಗೆ ಮಾತ್ರ ಅಂಗಡಿಯಲ್ಲಿ ಕೇಳಿ ಪಡೆದ ನೋವಿನ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದ್ದ. ಇಲ್ಲಿರುವ ಹಿರಿಯರಿಗೆ ಒಂದು ಮಾತು: ರಕ್ತದೊತ್ತಡವೋ ಸಕ್ಕರೆಯೋ ಇದ್ದರೆ ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನೈನ್, ಮೂತ್ರದಲ್ಲಿ ಅಲ್ಬುಮಿನ್ ನೋಡಿಸಿ. ಕಿಡ್ನಿ ಕೆಡುವಾಗ ನೋಯುವುದಿಲ್ಲ. ನೋವಿಲ್ಲ ಎಂದೇ ಜನ ಹೋಗುವುದಿಲ್ಲ. ನೋವಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ದಿನಾ ತೆಗೆದುಕೊಳ್ಳಬೇಡಿ.

ಡಯಾಲಿಸಿಸ್ ಎಂದರೇನು ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ನೀರಿನ ಮನುಷ್ಯನಾಗಿ ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ಆರೋಗ್ಯವಂತ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಅದರಲ್ಲಿ ಬಹುಪಾಲನ್ನು ಮೈಗೆ ಮರಳಿ ಕೊಟ್ಟು ಒಂದೂವರೆ ಲೀಟರಿನಷ್ಟನ್ನು ಹೊರಗೆ ಕಳಿಸುತ್ತವೆ. ಹಗಲೂ ರಾತ್ರಿ ನಡೆಯುವ ಈ ಕೆಲಸವನ್ನು ಯಂತ್ರ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆಯಲ್ಲಿ ಆದಷ್ಟು ಮಾಡುತ್ತದೆ. ತೋಳಿನ ರಕ್ತನಾಳದಿಂದ ನಿಮಿಷಕ್ಕೆ 300 ಮಿಲಿಲೀಟರಿನಂತೆ ರಕ್ತ ಹೊರಬಂದು, ತೀರ ಸಣ್ಣ ಸಾವಿರಾರು ನಳಿಕೆಗಳ ಒಳಗೆ ಹರಿಯುತ್ತದೆ. ನಳಿಕೆಗಳ ಹೊರಗೆ ಎದುರು ದಿಕ್ಕಿನಲ್ಲಿ ನಿಮಿಷಕ್ಕೆ 500 ಮಿಲಿಲೀಟರಿನಂತೆ ಶುದ್ಧ ಮಾಡಿದ ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್ ಆಯಿತು. ಒಬ್ಬ ರೋಗಿಯ ಒಂದು ಸರದಿಗೆ ಇಷ್ಟು ನೀರು ಬೇಕು. ಆ ರೋಗಿ ಮಾತ್ರ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕುಡಿಯುವ ಹಾಗಿಲ್ಲ. ಸಾರು, ಮಜ್ಜಿಗೆ, ಚಹ ಎಲ್ಲ ಅದರಲ್ಲೇ. ಎಳನೀರು ಬೇಡ, ಬಾಳೆಹಣ್ಣು ಬೇಡ, ಪೊಟ್ಯಾಸಿಯಂ ಏರುತ್ತದೆ. “ನೀ ಜನ್ಮಪೂರ್ತಿ ಟಿಎಂಸಿ ಲೆಕ್ಕಾ ಹಾಕಿದಿ, ನನಗ ಗ್ಲಾಸಿನ ಲೆಕ್ಕಾ ಬಂತು ನೋಡೋ ಸಾಹೇಬ” ಎಂದು ಅವನು ಫೋನಿನಲ್ಲಿ ನಗುತ್ತಿದ್ದ.

ಈ ಯಂತ್ರವನ್ನು ಮೊದಲು ಕೆಲಸಕ್ಕೆ ಬರುವಂತೆ ಮಾಡಿದವರು ಹಾಲೆಂಡಿನ ವೈದ್ಯ ವಿಲೆಮ್ ಕೊಲ್ಫ್. 1943ರಲ್ಲಿ, ದೇಶ ಜರ್ಮನಿಯ ವಶದಲ್ಲಿದ್ದಾಗ, ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ ಮಾಡಿದ್ದು. 1945ರಲ್ಲಿ ಹದಿನೇಳನೆಯ ರೋಗಿಯಾಗಿ ಬಂದ 67 ವರ್ಷದ ಹೆಂಗಸು ಪ್ರಜ್ಞೆ ಮರಳಿ ಬದುಕಿದರು. ಯುದ್ಧ ಮುಗಿದ ಮೇಲೆ ಕೊಲ್ಫ್ ತಾವು ಕಟ್ಟಿದ ಯಂತ್ರಗಳನ್ನು ಬೇರೆ ದೇಶಗಳ ಆಸ್ಪತ್ರೆಗಳಿಗೆ ಹಾಗೆಯೇ ಕೊಟ್ಟುಬಿಟ್ಟರು. ನನ್ನ ವೃತ್ತಿಯವರಿಗೆ ಇಂಥ ಕೆಲಸ ಕಂಡರೆ ಕೈಮುಗಿಯಬೇಕೆನಿಸುತ್ತದೆ. ಅದಕ್ಕೇ ವಿಷಯ ಬಿಟ್ಟು ಸ್ವಲ್ಪ ಆಚೆ ಹೋದೆ.

ನಮ್ಮ ದೇಶದಲ್ಲಿ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು, ಬಡವರಿಗೆ ಸರಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ. ಇದು ದೊಡ್ಡ ಕೆಲಸ. ಇದಿಲ್ಲದಿದ್ದರೆ ನನ್ನ ಗೆಳೆಯ ನಾಲ್ಕೂವರೆ ವರ್ಷ ಬದುಕುತ್ತಿರಲಿಲ್ಲ, ಮೂರೂವರೆ ಎಕರೆಯೂ ಉಳಿಯುತ್ತಿರಲಿಲ್ಲ. ಕಾಲುವೆಯ ತಲೆಯಲ್ಲಿ ನೀರು ಬಿಟ್ಟಿದ್ದಾರೆ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಇನ್ನು ಬಾಲಕ್ಕೆ ಬರೋಣ.

ಅವನಿಗೆ ಸರದಿ ಸಿಕ್ಕಿದ್ದು ಧಾರವಾಡದ ಒಂದು ಆಸ್ಪತ್ರೆಯಲ್ಲಿ. ಊರಿನ ಅಗಸಿಯಿಂದ ಆಸ್ಪತ್ರೆಯ ಗೇಟಿಗೆ 36 ಕಿಲೋಮೀಟರ್. ಹೋಗಿ ಬರಲು 72. ವಾರಕ್ಕೆ 216, ವರ್ಷಕ್ಕೆ 11,232. ನಾಲ್ಕೂವರೆ ವರ್ಷದಲ್ಲಿ, ತಪ್ಪಿದ ದಿನಗಳನ್ನು ಕಳೆದರೂ, 48,000 ಕಿಲೋಮೀಟರಿಗೂ ಮೇಲೆ. ಭೂಮಿಯ ಸುತ್ತಳತೆ ಸುಮಾರು 40,000. ಬೆಂಗಳೂರನ್ನೇ ನೋಡದ ಮನುಷ್ಯ ಅಮ್ಮಿನಭಾವಿ, ಹಾರೋಬೆಳವಡಿ, ಇನಾಮಹೊಂಗಲ ಎಂದುಕೊಳ್ಳುತ್ತಲೇ ಭೂಮಿಯನ್ನು ಒಂದು ಸುತ್ತು ಹಾಕಿ ಬಂದಿದ್ದ. ಶುರುವಾದ ಮರು ತಿಂಗಳೇ ಕೊರೊನಾ ಲಾಕ್‌ಡೌನ್ ಬಂದು ಬಸ್ಸು ನಿಂತವು. ಪಕ್ಕದ ಮನೆಯ ಹುಡುಗ ಕೈಯಲ್ಲಿ ಪಾಸು ಹಿಡಿದು ಎರಡು ತಿಂಗಳು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಬಂದ. ಆ ಹುಡುಗನ ಋಣ ಊರಿನ ಮೇಲಿದೆ.

ನಾನಿರುವುದು ಬಾಗಲಕೋಟೆಯಲ್ಲಿ. ವಾರಕ್ಕೊಮ್ಮೆ ಮಾತು. ಹೇಗಿದ್ದೀಯ ಎಂದರೆ “ಆರಾಮ” ಎನ್ನುವುದು ಅವನ ಪದ್ಧತಿ. ಹಣ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ, ಸುಗ್ಗಿಯಲ್ಲಿ ಅಷ್ಟಕ್ಕೆ ಸರಿಯಾಗಿ ಜೋಳದ ಚೀಲ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದ. ನಮ್ಮ ಮನೆಯಲ್ಲಿ ನಾವಿಬ್ಬರೇ. ಅಷ್ಟು ಜೋಳ ಏನು ಮಾಡುವುದು ಎಂದು ನನ್ನ ಹೆಂಡತಿ ಕೇಳಿದರೆ ನನ್ನ ಬಳಿ ಉತ್ತರ ಇರಲಿಲ್ಲ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದಾಗ ಅವನಿಗೆ ಹೊಸ ತಮಾಷೆ ಸಿಕ್ಕಿತು: “ಜಡ್ಡು ನನಗ, ಸೊನ್ನಿ ಟಿಕೆಟ್ ನನ್ನ ಹೆಂಡತಿಗೆ!”

2024ರ ಆಗಸ್ಟಿನಲ್ಲಿ ಅವನು ಹೋದ. ಮಣ್ಣು ಮುಗಿದ ಮೇಲೆ ಅವನ ಮಗ ಒಂದು ನೋಟ್‌ಬುಕ್ ತಂದು ನನ್ನ ಕೈಗೆ ಕೊಟ್ಟ. ಶಾಲೆ ಮಕ್ಕಳ ಇನ್ನೂರು ಪುಟದ ಪುಸ್ತಕ. ಪ್ರತಿ ಸರದಿಗೆ ಒಂದು ಸಾಲು: ದಿನಾಂಕ, ಹೋಗುವಾಗಿನ ತೂಕ, ಬರುವಾಗಿನ ತೂಕ, ಖರ್ಚು. ಹೊಲದ ಆಳಿನ ಲೆಕ್ಕ ಬರೆದಂತೆ ಬರೆದಿದ್ದ. ಅದನ್ನು ನಾನು ಮೂರು ರಾತ್ರಿ ಕೂತು ಓದಿದೆ.

ಕೊನೆಯ ಹದಿನಾಲ್ಕು ತಿಂಗಳಲ್ಲಿ ಖರ್ಚಿನ ಕಾಲಮಿನಲ್ಲಿ ‘ಸ್ಟ್ಯಾಂಡು’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಅವನ ಹೆಂಡತಿಯನ್ನು ಕೇಳಿದಾಗ ಅರ್ಥವಾಯಿತು. ರೋಗಿಗಳು ಹೆಚ್ಚಾಗಿ ಯಂತ್ರಗಳು ಮೂರು ಪಾಳಿಯಲ್ಲಿ ನಡೆಯತೊಡಗಿದಾಗ ಇವನಿಗೆ ಮೂರನೆಯ ಪಾಳಿ ಬಂತು. ಸಂಜೆ ಐದಕ್ಕೆ ಹತ್ತಿದರೆ ಇಳಿಯುವುದು ರಾತ್ರಿ ಒಂಬತ್ತು ದಾಟಿ. ಊರಿನ ಕೊನೆಯ ಬಸ್ಸು ಅಷ್ಟೊತ್ತಿಗೆ ಹೋಗಿರುತ್ತದೆ. ಬಾಡಿಗೆ ಗಾಡಿ ಮಾಡಿದರೆ 1,200ರಿಂದ 1,500 ರೂಪಾಯಿ. ಅದಕ್ಕೇ ಗಂಡ ಹೆಂಡತಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗಿ ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಬರುತ್ತಿದ್ದರು. ನಾಲ್ಕು ಗಂಟೆ ಯಂತ್ರದ ಮೇಲಿದ್ದು ಎರಡೂವರೆ ಕಿಲೋ ನೀರು ತೆಗೆಸಿಕೊಂಡು ಬಂದವನಿಗೆ ಕಾಲು ಸೆಡೆತ, ತಲೆ ಸುತ್ತು. ಅಂಥ ರಾತ್ರಿಗಳನ್ನು ಎಣಿಸಿದೆ. 97.

ಹೋಗದೆ ತಪ್ಪಿದ ದಿನಗಳಿಗೆ ಸೊನ್ನೆ ಹಾಕಿದ್ದ, ಪಕ್ಕದಲ್ಲಿ ಕಾರಣ. ಒಟ್ಟು ಸೊನ್ನೆ 23. ‘ಜ್ವರ’ ಎಂದು ಇರುವುದು ನಾಲ್ಕು ಕಡೆ. ‘ಹಳ್ಳ ಬಂತು’ ಮೂರು. ತುಪ್ಪರಿಹಳ್ಳ ತುಂಬಿದರೆ ಹಾರೋಬೆಳವಡಿ ದಾಟುವುದು ಎಷ್ಟು ಕಷ್ಟ ಎಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ‘ಹಬ್ಬ’ ಒಂದು. ಉಳಿದ ಹದಿನೈದು ಕಡೆ ‘ಗಾಡಿ ಇಲ್ಲ’, ‘ರೊಕ್ಕ ಇಲ್ಲ’, ‘ಸ್ಟ್ಯಾಂಡು ಬ್ಯಾಡ ಅಂದಳು’. ವಾರಕ್ಕೆ ಮೂರು ಸರದಿ ಇದ್ದವನು ಒಂದನ್ನು ಬಿಟ್ಟರೆ ನಾಲ್ಕೈದು ದಿನದ ನೀರು, ಪೊಟ್ಯಾಸಿಯಂ ಮೈಯಲ್ಲೇ ಕೂಡುತ್ತದೆ. ಎದೆ ಬಡಿತ ತಪ್ಪಲು ಅಷ್ಟು ಸಾಕು ಎಂದು ವೈದ್ಯರು ಹೇಳಿದರು. ಪುಸ್ತಕದ ಕೊನೆಯ ಎರಡು ಸಾಲುಗಳು ಎರಡೂ ಸೊನ್ನೆ, ಒಂದರ ಕೆಳಗೆ ಒಂದು. ಎರಡಕ್ಕೂ ಒಂದೇ ಕಾರಣ: ‘ಗಾಡಿ ಇಲ್ಲ’.

ಔಷಧಿ ಇತ್ತು, ಯಂತ್ರ ಇತ್ತು, ನರ್ಸ್ ಇದ್ದರು, ಸರಕಾರ ಹಣ ಕೊಟ್ಟಿತ್ತು. ರಾತ್ರಿ ಒಂಬತ್ತೂವರೆಯ ನಂತರದ 36 ಕಿಲೋಮೀಟರ್ ಇರಲಿಲ್ಲ.

ಇನ್ನು ಸೈಕಲ್ ವಿಚಾರ. ಅವನ ಹೆಸರಿನಲ್ಲಿ ಏನಾದರೂ ಮಾಡಬೇಕೆಂದು ಹಳೆಯ ಹೈಸ್ಕೂಲು ಗೆಳೆಯರು ಸೇರಿದಾಗ ಬಂದ ಸಲಹೆಗಳು ಎಲ್ಲ ಊರಿನಲ್ಲೂ ಬರುವಂಥವೇ. ಒಬ್ಬರು ಬಸ್ ನಿಲ್ದಾಣಕ್ಕೆ ಕಮಾನು ಎಂದರು. ಇನ್ನೊಬ್ಬರು ಶಾಲೆಗೆ ಗಡಿಯಾರ ಎಂದರು, ಅದರ ಮೇಲೆ ನಮ್ಮೆಲ್ಲರ ಹೆಸರು ಸಹಿತ. ನಾನು ನೋಟ್‌ಬುಕ್ ಮುಂದಿಟ್ಟೆ. ಆ ಮೇಲೆ ಕಮಾನಿನ ಮಾತು ಬರಲಿಲ್ಲ. ಸೈಕಲ್ ತುಳಿಯೋಣ ಎಂದಿದ್ದು ನಮ್ಮಲ್ಲಿ ಎಲ್ಲರಿಗಿಂತ ದಪ್ಪಗಿರುವ ನಿವೃತ್ತ ಶಿಕ್ಷಕರೊಬ್ಬರು. ಪ್ರತಿ ಸವಾರ ತನಗೆ ಪರಿಚಯದವರಿಂದ ಕಿಲೋಮೀಟರಿಗೆ ಹತ್ತು ರೂಪಾಯಿ ಲೆಕ್ಕದಲ್ಲಿ ಮಾತು ಪಡೆಯಬೇಕು. ಊರು ಮುಟ್ಟಿದರೆ ಒಬ್ಬ ದಾನಿಯಿಂದ 360. ಅರ್ಧಕ್ಕೆ ನಿಂತರೆ ಅರ್ಧವೇ. ವಿದೇಶದಲ್ಲಿ ಇದು ಹಳೆಯ ಪದ್ಧತಿ. ನಮ್ಮ ಕಡೆ ಹೊಸದಾಗಿದ್ದರಿಂದ ಜನ ನಕ್ಕರು, ನಕ್ಕವರೇ ಬರೆಸಿದರು. “ನೀ ಅಮ್ಮಿನಭಾವಿ ದಾಟೂದಿಲ್ಲ, ಬರಕೋ ನೂರು ರೂಪಾಯಿ” ಎಂದವರಿಂದ ನಾನೇ ಆಮೇಲೆ ಪೂರ್ತಿ 360 ವಸೂಲು ಮಾಡಿದ್ದೇನೆ.

ಅಂದಾಜು ಪತ್ರಿಕೆ ನಾನು ಮಾಡಿದೆ. ಟೀ ಶರ್ಟು ಇಲ್ಲ, ಫ್ಲೆಕ್ಸ್ ಇಲ್ಲ, ಹಾರ ಇಲ್ಲ, ಮುಖ್ಯ ಅತಿಥಿ ಇಲ್ಲ. ಖರ್ಚು ಎರಡೇ: ಹಿಂದೆ ಬರುವ ಗಾಡಿಗೆ ಡೀಸೆಲ್, ಪಂಕ್ಚರ್ ಸಾಮಾನು. ನೀರು, ಅವಲಕ್ಕಿ ದಾರಿಯ ಊರಿನವರದು. ಸೇವಾ ಕಾರ್ಯಗಳಲ್ಲಿ ಕೂಡಿದ ಹಣದಲ್ಲಿ ಸಮಾರಂಭವೇ ಎಷ್ಟನ್ನು ತಿನ್ನುತ್ತದೆ ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಆ ಬಗ್ಗೆ ಮಾತು ಬೆಳೆಸುವುದಿಲ್ಲ.

ಊರಿನಿಂದ ಧಾರವಾಡಕ್ಕೆ ಹೋಗೋಣ, ಪಟ್ಟಣದಲ್ಲಿ ಮುಗಿದರೆ ಪತ್ರಿಕೆಯವರು ಬರುತ್ತಾರೆ ಎಂದು ಕೆಲವರು ಹೇಳಿದರು. ಆಸ್ಪತ್ರೆಯ ಗೇಟಿನಿಂದ ಊರಿನ ಕಡೆಗೇ ಹೋಗಬೇಕು ಎಂದು ನಾನು ಹಟ ಹಿಡಿದೆ, ಏಕೆಂದರೆ ಅವನಿಗೆ ಸಿಗದೇ ಹೋದದ್ದು ಆ ದಿಕ್ಕಿನ ದಾರಿ. ಧಾರವಾಡ ಎತ್ತರದಲ್ಲಿದೆ, ಸವದತ್ತಿ ಕಡೆಗೆ ಒಟ್ಟಿನಲ್ಲಿ ಇಳಿಜಾರು. ಇದು ಮುದುಕರಿಗೆ ಅನುಕೂಲ ಎಂದುಕೊಂಡಿದ್ದವರಿಗೆಲ್ಲ ಡಿಸೆಂಬರಿನ ಮೂಡಗಾಳಿ ಉತ್ತರ ಕೊಟ್ಟಿತು. ಅಮ್ಮಿನಭಾವಿ ದಾಟಿದ ಮೇಲೆ ಬಯಲು. ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತು, ಕಡಲೆ ಹಸಿರಾಗಿ ಮೈತುಂಬಿತ್ತು, ಗಾಳಿಗೆ ತಡೆ ಎಂಬುದೇ ಇಲ್ಲ. ಇಳಿಜಾರಿನಲ್ಲೂ ತುಳಿಯದಿದ್ದರೆ ಸೈಕಲ್ ನಿಲ್ಲುತ್ತಿತ್ತು. ಐವತ್ತು ವರ್ಷದ ಹಿಂದಿನ ನಮ್ಮ ಜಗಳದಲ್ಲಿ ನ್ಯಾಯ ಯಾರ ಕಡೆ ಇತ್ತು ಎಂಬುದು ಆಗ ನನ್ನ ಮಂಡಿಗೆ ತಿಳಿಯಿತು. ಅದನ್ನು ಅವನಿಗೆ ಹೇಳುವ ಹಾಗಿರಲಿಲ್ಲ.

ರಸ್ತೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ಪದವಿಗೆ ಮರ್ಯಾದೆ ಇಲ್ಲ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ರಸ್ತೆ ಅಂಚಿನಿಂದ ಒಡೆಯುತ್ತ ಬರುತ್ತದೆ. ಕಾರಿನಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ, ಅಂಚಿನಲ್ಲಿ ಸೈಕಲ್ ತುಳಿಯುವವನ ಬೆನ್ನುಮೂಳೆಗೆ ಚೆನ್ನಾಗಿ ತಿಳಿಯುತ್ತದೆ. ಇನ್ನು ಊರೂರಿನ ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ಹಂಪು ಅಗಲವಾಗಿ, 10 ಸೆಂಟಿಮೀಟರ್ ಎತ್ತರ, ನಯವಾದ ಬೆನ್ನು ಇರಬೇಕು. ನಾವು ಊರಿನವರು ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಹಾಕುವ ಹಂಪು ಗೋಡೆಯ ಹಾಗಿರುತ್ತದೆ. ತೋಳಿನಲ್ಲಿ ಸೂಜಿ ಚುಚ್ಚಿದ ಗಾಯ ಹಸಿಯಿರುವ ರೋಗಿಯನ್ನು ಆ ಗೋಡೆಗಳ ಮೇಲೆ ರಾತ್ರಿ ಹಾರಿಸಿಕೊಂಡು ಬರುತ್ತಾರೆ ಎಂಬುದನ್ನು ಯೋಚಿಸಿ.

“ಇಷ್ಟೆಲ್ಲ ಯಾಕೆ, ನೇರವಾಗಿ ಹಣ ಕೊಟ್ಟಿದ್ದರೆ ಆಗುತ್ತಿತ್ತಲ್ಲ” ಎಂದು ಕೇಳಿದವರಿದ್ದಾರೆ. ಸರಿಯಾದ ಪ್ರಶ್ನೆ. ಬೆವರು ಸುರಿಸಿದ್ದರಿಂದ ಯಾರ ಕ್ರಿಯಾಟಿನೈನೂ ಇಳಿಯುವುದಿಲ್ಲ. ಆದರೆ ಬಿಳಿ ಕೂದಲಿನ ಒಂದಿಷ್ಟು ಜನ ಸೈಕಲ್ ಮೇಲೆ ಏದುಸಿರು ಬಿಡುತ್ತ ಬಂದರೆ ಊರಿನವರು ಅಗಸಿಗೆ ಬಂದು ನಿಲ್ಲುತ್ತಾರೆ, ಯಾಕೆ ಎಂದು ಕೇಳುತ್ತಾರೆ. ಒಂದು ಊರಿನಲ್ಲಿ ಅವಲಕ್ಕಿ ತಿನ್ನುತ್ತ ಕಾರಣ ಹೇಳಿದಾಗ ಗುಂಪಿನ ಹಿಂದಿನಿಂದ ಒಬ್ಬ ಹುಡುಗಿ, “ನಮ್ಮವ್ವನೂ ಹಿಂಗ ಹೋಗ್ತಿದ್ಲರಿ, ಈಗ ಬಿಟ್ಟಾಳ” ಎಂದಳು. 43 ವರ್ಷದ ತಾಯಿ. ಮೂರು ವಾರದಿಂದ ಡಯಾಲಿಸಿಸ್‌ಗೆ ಹೋಗಿಲ್ಲ, ಮುಖ ಊದಿ ಕಣ್ಣು ತೆರೆಯುತ್ತಿಲ್ಲ. ನಮ್ಮ ಹಿಂದಿನ ಗಾಡಿ ಅಲ್ಲಿಂದಲೇ ತಿರುಗಿ ಅವರನ್ನು ಧಾರವಾಡಕ್ಕೆ ಒಯ್ದಿತು. ಮುಂದಿನ ದಾರಿಯಲ್ಲಿ ಎರಡು ಪಂಕ್ಚರ್ ಆದಾಗ ನಡೆದೇ ಹೋದೆವು. ಇನ್ನೊಂದು ಊರಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರ ಸುದ್ದಿ ತಿಳಿಯಿತು. ಎರಡು ಸಲ ಹೋಗಿ ಕರೆದೆವು. ಸಾಕು ಎಂದರು, ಬರಲಿಲ್ಲ. ಜನವರಿಯಲ್ಲಿ ತೀರಿಕೊಂಡರು. ಅವರ ತೀರ್ಮಾನವನ್ನು ನಾನು ಅಳೆಯಲಾರೆ. ಗಾಡಿ ಮೊದಲೇ ಇದ್ದಿದ್ದರೆ ಅದೇ ತೀರ್ಮಾನ ಮಾಡುತ್ತಿದ್ದರೋ ಇಲ್ಲವೋ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

36 ಕಿಲೋಮೀಟರಿಗೆ ನನಗೆ ಹಿಡಿದದ್ದು ನಾಲ್ಕು ಗಂಟೆ ಹತ್ತು ನಿಮಿಷ. ಒಂದು ಡಯಾಲಿಸಿಸ್ಸಿನಷ್ಟು ಹೊತ್ತು. ಅಗಸಿಯಲ್ಲಿ ಅವನ ಹೆಂಡತಿ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದರು. ಪೂರ್ತಿ ತಂಬಿಗೆ ಕುಡಿದೆ. ಅವರು ನಾನು ಕುಡಿಯುವುದನ್ನೇ ನೋಡುತ್ತಿದ್ದರು.

ಕೂಡಿದ ಹಣ 3,86,000 ರೂಪಾಯಿ. ಗಾಡಿ ಕೊಳ್ಳೋಣ ಎಂದರೆ ಸಾಲದು, ಕೊಂಡರೂ ನಿರ್ವಹಣೆ ಯಾರು? ಹಗಲೆಲ್ಲ ಶಾಲೆ ಮಕ್ಕಳನ್ನು ಸಾಗಿಸುವ ಒಂದು ಕ್ರೂಸರ್ ಗಾಡಿ ಸಂಜೆಯಿಂದ ಖಾಲಿ ನಿಲ್ಲುವುದು ಕಣ್ಣಿಗೆ ಬಿತ್ತು. ಮಾಲೀಕರು ಬಾಡಿಗೆ ಬೇಡ, ಡೀಸೆಲ್, ಸವಕಳಿ, ಚಾಲಕನ ಕೂಲಿ ಕೊಡಿ ಎಂದರು. ಒಳ ಊರುಗಳನ್ನೂ ಸೇರಿಸಿ ರಾತ್ರಿಗೆ 90 ಕಿಲೋಮೀಟರ್, ಖರ್ಚು 1,100. ಸೋಮ ಬುಧ ಶುಕ್ರ ಒಂದು ತಂಡ, ಮಂಗಳ ಗುರು ಶನಿ ಇನ್ನೊಂದು, ವಾರಕ್ಕೆ ಆರು ರಾತ್ರಿ. ವರ್ಷಕ್ಕೆ 312 ರಾತ್ರಿ, 3,43,200 ರೂಪಾಯಿ. ಉಳಿದ 42,800 ಟೈರು, ರಿಪೇರಿಗೆ. ಜನವರಿ ಮೊದಲ ವಾರದಿಂದ ಗಾಡಿ ಓಡುತ್ತಿದೆ. ಈಗ ಒಂಬತ್ತು ರೋಗಿಗಳು, ಅವಲಕ್ಕಿ ತಿಂದ ಊರಿನ ಆ ತಾಯಿಯೂ ಅದರಲ್ಲಿದ್ದಾರೆ.

ಒಂದು ನಿಯಮವನ್ನು ಮೊದಲ ದಿನವೇ ಮಾಡಿದೆವು. ಅರ್ಜಿ ಇಲ್ಲ, ಬಿಪಿಎಲ್ ಕಾರ್ಡು ತೋರಿಸಬೇಕಾಗಿಲ್ಲ, ಫೋಟೊ ಇಲ್ಲ. ರಾತ್ರಿ 9.45ಕ್ಕೆ ಗಾಡಿ ಗೇಟಿನ ಹೊರಗೆ ನಿಂತಿರುತ್ತದೆ, ಹತ್ತಬೇಕು, ಅಷ್ಟೇ. ಉಳ್ಳವರು ಹತ್ತಿದರೆ ಏನು ಮಾಡುತ್ತೀರಿ ಎಂದು ಲೆಕ್ಕಪತ್ರದವರು ಕೇಳಿದರು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ನಿನ್ನ ಮನೆಯಲ್ಲಿ ಅಕ್ಕಿ ಇಲ್ಲವೇ ಎಂದು ಈ ಮಠದಲ್ಲಿ ಯಾರಾದರೂ ಕೇಳಿದ್ದುಂಟೆ? ನನ್ನ ಗೆಳೆಯ ಕೇಳುವ ಮನುಷ್ಯನಾಗಿರಲಿಲ್ಲ. ಕೇಳಿ ಪಡೆಯಬೇಕಾದ ಗಾಡಿಯನ್ನು ಅವನು ಹತ್ತುತ್ತಿರಲಿಲ್ಲ, ಕಟ್ಟೆಯ ಮೇಲೆಯೇ ಮಲಗುತ್ತಿದ್ದ. ವೇಳಾಪಟ್ಟಿಯಂತೆ ಬರುವ ಗಾಡಿಯಾಗಿದ್ದರೆ ಹತ್ತುತ್ತಿದ್ದ. ಚಾಲಕನಿಗೆ ಎರಡು ತೆನೆ ಜೋಳ ಕೊಡುತ್ತಿದ್ದ, ಅದು ಬೇರೆ ಮಾತು.

ಬರುವ ಡಿಸೆಂಬರಿನಲ್ಲಿ ಮತ್ತೆ ತುಳಿಯುತ್ತೇವೆ. ಮುಂದಿನ ವರ್ಷದ 3,43,200ಕ್ಕೆ ಅದೇ ದಾರಿ. ಆದರೆ ಈಗ ತುರ್ತಾಗಿ ಇರುವ ತೊಂದರೆ ಬೇರೆ. ಶನಿವಾರ ರಾತ್ರಿಯ ಚಾಲಕ ಮಗಳ ಮದುವೆಗೆಂದು ಎರಡು ತಿಂಗಳು ರಜೆ ಹೋಗಿದ್ದಾರೆ. ಭಾನುವಾರ ಡಯಾಲಿಸಿಸ್ ಇಲ್ಲ, ಸೋಮವಾರ ಆ ತಂಡದ ಸರದಿ ಅಲ್ಲ. ಶನಿವಾರ ತಪ್ಪಿಸಿಕೊಂಡವರಿಗೆ ಮುಂದಿನ ಸರದಿ ಮಂಗಳವಾರವೇ. ಆದ್ದರಿಂದ ಶನಿವಾರದ ಗಾಡಿ ನಿಲ್ಲುವ ಹಾಗಿಲ್ಲ. ಪ್ರಯಾಣಿಕರ ವಾಹನ ಓಡಿಸಲು ಪರವಾನಗಿ ಇರುವವರು, ರಾತ್ರಿ ಕಣ್ಣು ಚೆನ್ನಾಗಿ ಕಾಣುವವರು ಯಾರಾದರೂ ಇದ್ದರೆ ಪ್ರಸಾದದ ಹೊತ್ತಿನಲ್ಲಿ ನನ್ನನ್ನು ಕಾಣಿರಿ. ಸೈಕಲ್ ನಿಲ್ಲಿಸಿದ ಬೇವಿನ ಗಿಡದ ಹತ್ತಿರ ಇರುತ್ತೇನೆ. ಈ ಶನಿವಾರಕ್ಕೇ ಬೇಕು.